ಕಲಿಸುವವರ ಹಿಂದೆ ಯಾರಿದ್ದಾರೆ?

ಮಸೀದಿಗೆ ನಮಾಜ್ ನಡೆಸಲು ಹೊಸ ಪೇಶ್ ಇಮಾಮರು ಬರುತ್ತಾರೆ ಅಂದರೆ ನಮ್ಮ ಹಳೇ ಹುಬ್ಬಳ್ಳಿ ಕಡೆ ಮೊದಲು ಏಳುವ ಪ್ರಶ್ನೆ ಒಂದೇ. "ಎಲ್ಲಿ ಕಲ್ತಾರ್ರೀ?" ಉತ್ತರ ಪ್ರದೇಶದ ದೇವಬಂದ್ ಮದರಸಾ ಅಂದರೆ ಕೆಲವರು ತಲೆದೂಗುತ್ತಾರೆ. ಬರೇಲಿ ಅಂದರೆ ಇನ್ನು ಕೆಲವರಿಗೆ ಸಮಾಧಾನ. ಬೆಂಗಳೂರಿನ ಸಬೀಲುರ್ ರಶಾದ್ ಅಂದರೆ "ಹಂಗಾರ ನಮ್ಮ ರಾಜ್ಯದಾಗs ಓದ್ಯಾರ" ಅನ್ನುತ್ತಾರೆ. ಯಾವ ಹೆಸರೂ ಹೇಳದಿದ್ದರೆ ಎಲ್ಲರಿಗೂ ಅನುಮಾನ.

ಪ್ರಶ್ನೆ ಕೇಳುವುದಕ್ಕೆ ನನ್ನ ತಕರಾರಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬಿ.ಎಡ್. ಇಲ್ಲದೆ ನನ್ನನ್ನು ಯಾರೂ ಕ್ಲಾಸಿನೊಳಗೆ ಬಿಡುತ್ತಿರಲಿಲ್ಲ, ಬಿಡಲೂಬಾರದು. ಮಕ್ಕಳ ತಲೆಗೆ ಏನು ಹೋಗುತ್ತದೆ ಅನ್ನುವುದು ಸಣ್ಣ ವಿಷಯವಲ್ಲ. ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ಎಲ್ಲಿ ಕಲಿತರು ಅಂತ ಕೇಳುವ ಹೆಚ್ಚಿನವರಿಗೆ ಬೇಕಾಗಿರುವುದು, ಇವರು ನಮ್ಮ ಮಸ್ಲಕ್‌ನವರಾ, ಅಂದರೆ ನಮ್ಮ ಪಂಥದವರಾ, ಅಲ್ವಾ ಅನ್ನುವುದಷ್ಟೇ. ಜುಮ್ಮಾ ಆದಮೇಲೆ ನಿಂತು ಸಲಾಂ ಓದುತ್ತಾರಾ? ಮನೆಗೆ ಕರೆದರೆ ಫಾತಿಹಾ ಕೊಡುತ್ತಾರಾ? ಮದರಸಾದ ಹೆಸರು ಕಿವಿಗೆ ಬಿದ್ದ ಕೂಡಲೇ ಇದಕ್ಕೆಲ್ಲಾ ಉತ್ತರ ಸಿಕ್ಕಿಬಿಡುತ್ತದೆ. ಆಮೇಲೆ ಆ ಮನುಷ್ಯ ಅಲ್ಲಿ ಏನು ಕಲಿತ, ಎಷ್ಟು ಕಲಿತ, ಕಲಿತದ್ದನ್ನು ನಮ್ಮ ಮಕ್ಕಳಿಗೆ ತಿಳಿಯುವ ಹಾಗೆ ಹೇಳಬಲ್ಲನಾ ಅಂತ ಯಾರೂ ವಿಚಾರಿಸುವುದಿಲ್ಲ.

ಕೆಲವು ದಿನಗಳಿಂದ ನಮ್ಮ ಓಣಿಯಲ್ಲಿ ಇದೇ ಮಾತು. ಹಿರಿಯರಲ್ಲಿ ಕೆಲವರು, "ಸನದು ಇಲ್ಲದವರು ದೀನ್ ಕಲಿಸಬಾರದು, ಮುಗೀತು" ಅನ್ನುತ್ತಾರೆ. ಸನದು ಅಂದರೆ ಓದಿನ ಪ್ರಮಾಣಪತ್ರ, ದೀನ್ ಅಂದರೆ ಧರ್ಮ. ಹುಡುಗರು ಉಲ್ಟಾ. "ಕುರಾನ್ ಕನ್ನಡದಲ್ಲೇ ಸಿಗುತ್ತೆ, ಹದೀಸ್ ಫೋನ್‌ನಲ್ಲೇ ಇದೆ. ನಡುವೆ ಮೌಲಾನಾ ಯಾಕೆ?" ಅನ್ನುತ್ತಾರೆ. ಹದೀಸ್ ಅಂದರೆ ಪ್ರವಾದಿಯವರ ನಡೆ ನುಡಿಯ ವರದಿ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ದೀನ್ ಕಲಿಸುವುದು ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರೊಳಗೆ ನಾಲ್ಕಾರು ಬೇರೆ ಬೇರೆ ಕೆಲಸ ಇವೆ. ಒಂದೊಂದು ಕೆಲಸಕ್ಕೂ ಬೇಕಾದ ತಯಾರಿ ಬೇರೆ.

ಮೊದಲು ಸನದು ಅಂದರೆ ಏನು ಅಂತ ನೋಡೋಣ. ಇದನ್ನು ನಮ್ಮಲ್ಲೇ ಬಹಳ ಜನ ಸರಿಯಾಗಿ ತಿಳಿದುಕೊಂಡಿಲ್ಲ. ಹಾಫಿಜ್ ಅಂದರೆ ಕುರಾನಿನ 30 ಪಾರಾ, 114 ಸೂರಾಗಳನ್ನು ಬಾಯಿಪಾಠ ಮಾಡಿದವರು. ಅದು ದೊಡ್ಡ ಸಾಧನೆ. ಆದರೆ ಹಾಫಿಜ್ ಆದವರಿಗೆ ಅರಬಿ ಅರ್ಥವಾಗಲೇಬೇಕು ಅಂತೇನಿಲ್ಲ, ಎಷ್ಟೋ ಜನರಿಗೆ ಆಗುವುದೂ ಇಲ್ಲ. ಖಾರಿ ಅಂದರೆ ಓದುವ ಕ್ರಮವನ್ನು, ತಜ್‌ವೀದನ್ನು ಕಲಿತವರು. ಆಲಿಮ್ ಅಂದರೆ ದರ್ಸೆ ನಿಜಾಮಿ ಮುಗಿಸಿದವರು. ಸಾಮಾನ್ಯವಾಗಿ ಎಂಟು ವರ್ಷದ ಓದು ಅದು. ಅರಬಿ ವ್ಯಾಕರಣದಿಂದ ಶುರುವಾಗಿ ತರ್ಕ, ಫಿಕ್ಹ್ (ಧರ್ಮದ ಕಾನೂನು), ಅದರ ಉಸೂಲು (ಮೂಲತತ್ವ), ತಫ್ಸೀರ್ (ಕುರಾನಿನ ವಿವರಣೆ) ದಾಟಿ, ಕೊನೆಯ ವರ್ಷ ಬುಖಾರಿ, ಮುಸ್ಲಿಂ ಮುಂತಾದ ಹದೀಸ್ ಗ್ರಂಥಗಳಿಗೆ ಬಂದು ನಿಲ್ಲುತ್ತದೆ. ಅದಾದ ಮೇಲೂ ಫತ್ವಾ ಕೊಡುವುದನ್ನು ಬೇರೆಯಾಗಿ ಕಲಿತವರು ಮುಫ್ತಿ. ನಮ್ಮ ಜನ ಹಾಫಿಜ್ ಸಾಬರನ್ನು ನಿಲ್ಲಿಸಿ ಆಸ್ತಿ ಪಾಲಿನ ಮಸಲಾ, ಅಂದರೆ ಧರ್ಮದ ನಿಯಮ, ಕೇಳುತ್ತಾರೆ. ಅವರು ಪಾಪ, ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ ಅಂತ ಏನೋ ಒಂದು ಹೇಳಿಬಿಡುತ್ತಾರೆ.

ಈ ಪಠ್ಯಕ್ರಮ 18ನೇ ಶತಮಾನದ್ದು. ಲಖನೌದ ಫರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನರ ಹೆಸರು ಅದಕ್ಕೆ ಅಂಟಿಕೊಂಡಿದೆ. ಆದರೆ ತರಗತಿ, ವಾರ್ಷಿಕ ಪರೀಕ್ಷೆ, ಕೊನೆಗೆ ಸಂಸ್ಥೆ ಕೊಡುವ ಪ್ರಮಾಣಪತ್ರ, ಈ ಪದ್ಧತಿ ನಮ್ಮ ದೇಶದ ಮದರಸಾಗಳಲ್ಲಿ ಗಟ್ಟಿಯಾಗಿದ್ದು 1866ರಲ್ಲಿ ದೇವಬಂದ್ ದಾರುಲ್ ಉಲೂಮ್ ಶುರುವಾದ ಮೇಲೆ. ಅದಕ್ಕೂ ಮೊದಲು ನೂರಾರು ವರ್ಷ ನಡೆದಿದ್ದು ಇಜಾಜತ್. ಒಬ್ಬ ಗುರು ಒಬ್ಬ ಶಿಷ್ಯನಿಗೆ, ಒಂದು ಕಿತಾಬಿನ ಮಟ್ಟಿಗೆ, "ಇದನ್ನು ನೀನು ನನ್ನ ಮುಂದೆ ಓದಿದ್ದೀಯ, ಇನ್ನು ನೀನು ಕಲಿಸಬಹುದು" ಅಂತ ಕೊಡುತ್ತಿದ್ದ ಒಪ್ಪಿಗೆ. ಅದರಲ್ಲಿ ಕಟ್ಟಡದ ಹೆಸರಿಗಿಂತ ಮನುಷ್ಯನ ಹೆಸರು ದೊಡ್ಡದು. ಅವನು ಯಾರಿಂದ ಕಲಿತ, ಅವನ ಗುರು ಯಾರಿಂದ ಕಲಿತರು ಅನ್ನುವ ಸರಪಳಿ, ಹದೀಸಿನ ವಿಷಯದಲ್ಲಾದರೆ, ಪ್ರವಾದಿವರೆಗೆ ಹೋಗಿ ಮುಟ್ಟಬೇಕು. ಇಬ್ನ್ ಸೀರೀನ್ ಅನ್ನುವ ಹಿರಿಯರ ಮಾತು ಸಹೀಹ್ ಮುಸ್ಲಿಂ ಗ್ರಂಥದ ಮುನ್ನುಡಿಯಲ್ಲೇ ಇದೆ. ಈ ಇಲ್ಮ್ (ಜ್ಞಾನ) ಅನ್ನುವುದು ದೀನ್, ನಿಮ್ಮ ದೀನನ್ನು ಯಾರಿಂದ ತೆಗೆದುಕೊಳ್ಳುತ್ತೀರಿ ಅಂತ ನೋಡಿಕೊಳ್ಳಿ, ಅಂತ. "ಯಾರಿಂದ" ಅಂದಿದ್ದಾರೆ. ಹಾಗಾಗಿ ವಿಚಾರಿಸುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಇನ್ನೂ ಜಾಸ್ತಿ ವಿಚಾರಿಸಿ ಅನ್ನುತ್ತಿದ್ದೇನೆ.

ಸರ್ಕಾರದ ಲೆಕ್ಕದಲ್ಲಿ ಈ ಸನದಿನ ಕಥೆಯೇ ಬೇರೆ. 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮದರಸಾ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಅದರಡಿ ಕೊಡುತ್ತಿದ್ದ ಕಾಮಿಲ್, ಫಾಜಿಲ್ ಪದವಿಗಳನ್ನು ಒಪ್ಪಲಿಲ್ಲ. ಅವು ಯುಜಿಸಿ ಕಾಯ್ದೆಗೆ ಹೊಂದುವುದಿಲ್ಲ ಅಂದಿತು. ಅದು ನೌಕರಿಯ, ಪದವಿಯ ವಿಷಯ. ಓಣಿಯ ಮಕ್ಕಳಿಗೆ ಅಲಿಫ್ ಬೇ ಕಲಿಸುವವರ ವಿಷಯವನ್ನು ಯಾವ ಕೋರ್ಟೂ ನಮಗಾಗಿ ತೀರ್ಮಾನ ಮಾಡಿಕೊಡುವುದಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ಆಪಾ, ಅಂದರೆ ಅಕ್ಕ, ಇದ್ದಾರೆ. ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ ಅವರ ಪಡಸಾಲೆ ತುಂಬಿಬಿಡುತ್ತಿತ್ತು. ಚಾಪೆ, ಕುರಾನ್ ಇಡುವ ರೆಹಾಲ್ ಎರಡು ಸಾಲು, ಎಣ್ಣೆ ಹಚ್ಚಿ ಬಾಚಿದ ತಲೆಯಿಂದ ಜಾರುವ ದುಪಟ್ಟಾಗಳು. ಸಣ್ಣವರ ಕೈಯಲ್ಲಿ ನೂರಾನಿ ಕಾಯಿದಾ ಅನ್ನುವ ಅಕ್ಷರದ ಪುಸ್ತಕ, ದೊಡ್ಡವರ ಮುಂದೆ ಕುರಾನ್. ಎಲ್ಲರೂ ಒಟ್ಟಿಗೆ ಜೋರಾಗಿ ತಮ್ಮ ತಮ್ಮ ಸಬಕ್ ಓದುತ್ತಿರುತ್ತಾರೆ. ಹೊರಗಿನವರ ಕಿವಿಗೆ ಅದು ಬರೀ ಗದ್ದಲ. ಆಪಾ ರಾತ್ರಿ ಅಡುಗೆಗೆ ಉಳ್ಳಾಗಡ್ಡಿ ಹೆಚ್ಚುತ್ತಾ ಕೂತಿರುತ್ತಾರೆ. ಅಷ್ಟು ಗದ್ದಲದಲ್ಲೂ ಮೂಲೆಯ ಹುಡುಗಿಯೊಬ್ಬಳು ಐನ್ ಅಕ್ಷರವನ್ನು ಅಲಿಫ್ ಹಾಗೆ ಅಂದಳು ಅಂದರೆ ಚಾಕು ನಿಲ್ಲುತ್ತದೆ. "ಏ, ಇಲ್ಲೆ ಬಾ." ಹುಡುಗಿ ಎದುರು ಬಂದು ಕೂರುತ್ತಾಳೆ. ಆಪಾ ತಮ್ಮ ಗಂಟಲಿನ ನಡುಭಾಗಕ್ಕೆ ಬೆರಳು ಇಟ್ಟು, "ಇಲ್ಲಿಂದ ಬರಬೇಕು, ನೋಡು" ಅಂತ ಹೇಳಿ ತೋರಿಸುತ್ತಾರೆ. ಆಮೇಲೆ ಹುಡುಗಿಯ ಬೆರಳನ್ನು ಅವಳದೇ ಗಂಟಲಿಗೆ ಇಡಿಸುತ್ತಾರೆ. ಹುಡುಗಿ ಕೆಮ್ಮುತ್ತಾಳೆ, ನಗುತ್ತಾಳೆ, ಮತ್ತೆ ಅನ್ನುತ್ತಾಳೆ. ಸರಿ ಬರುವ ತನಕ ಅವಳಿಗೆ ಮುಂದಿನ ಸಾಲಿಲ್ಲ. ಕನ್ನಡ ಮಾತಾಡಿ ಬೆಳೆದ ಮಕ್ಕಳ ಬಾಯಲ್ಲಿ ಆ ಸದ್ದು ಇಲ್ಲವೇ ಇಲ್ಲ. ಅದನ್ನು ಹೊಸದಾಗಿ ಹುಟ್ಟಿಸಬೇಕು. ನನ್ನ ಮಗಳ ಗಂಟಲಲ್ಲಿ ಅದು ಹುಟ್ಟಿದ್ದು ಆ ಪಡಸಾಲೆಯಲ್ಲೇ.

ಆಪಾ ಹತ್ತಿರ ಯಾವ ಕಾಗದವೂ ಇಲ್ಲ. ಅವರ ತಂದೆ ಒಂದು ಮಸೀದಿಯಲ್ಲಿ ಬಾಂಗು ಕೂಗುವ ಬಾಂಗಿ ಆಗಿದ್ದರು, ಒಬ್ಬ ಖಾರಿ ಸಾಬರ ಕೈಯಲ್ಲಿ ಪಳಗಿದವರು. ಮಗಳಿಗೆ ಅವರೇ ಕಲಿಸಿದರು. ಅಷ್ಟೇ ಇವರ ಓದು. ಮಸಲಾ ಏನಾದರೂ ಕೇಳಿದರೆ, "ಅದು ನನಗ ತಿಳಿಯೂದಿಲ್ಲವ್ವಾ, ಹಜರತರನ್ನ ಕೇಳಸ್ತೀನಿ" ಅನ್ನುತ್ತಿದ್ದರು. ಮರುದಿನ ಕೇಳಿಸಿಕೊಂಡು ಬಂದು ಹೇಳುತ್ತಲೂ ಇದ್ದರು.

ಒಂದು ದಿನ ಮಸೀದಿ ನೋಡಿಕೊಳ್ಳುವ ಜಮಾತಿನಿಂದ ಮಾತು ಬಂತು. ಇನ್ನು ಮೇಲೆ ಸನದು ಇದ್ದವರೇ ಮಕ್ಕಳಿಗೆ ಕಲಿಸಬೇಕು. ಆಪಾ ಯಾರ ಜೊತೆಗೂ ವಾದ ಮಾಡಲಿಲ್ಲ. ಚಾಪೆ ಸುತ್ತಿಟ್ಟರು. ಗಂಡುಹುಡುಗರು ಮಸೀದಿಯ ಮಕ್ತಬ್‌ಗೆ ಹೋದರು. ಅಲ್ಲಿ ಪಾಠ ಮಗ್ರಿಬ್, ಅಂದರೆ ಹೊತ್ತು ಮುಳುಗಿದ ಮೇಲಿನ ನಮಾಜ್, ಆದ ಮೇಲೆ. ಆ ಹೊತ್ತಿಗೆ ಹೆಣ್ಣುಮಕ್ಕಳನ್ನು ಕಳಿಸಲು ಎಷ್ಟೋ ಮನೆಗಳಲ್ಲಿ ಒಪ್ಪಲಿಲ್ಲ. ಆ ಹುಡುಗಿಯರ ಓದು ಅಲ್ಲಿಗೇ ನಿಂತಿತು. ಪರಿಣಾಮ ಏನಾಗುತ್ತದೆ ಅಂತ ನಿಯಮ ಮಾಡಿದವರು ಯೋಚಿಸಲಿಲ್ಲ. ಸನದು ಇದ್ದವರು ಕಲಿಸಬೇಕು ಅನ್ನುವುದು ಒಳ್ಳೆಯ ಆಸೆಯೇ. ಆದರೆ ಸನದು ಇದ್ದವರು ಸಿಗದ ಜಾಗದಲ್ಲಿ ಯಾರೂ ಕಲಿಸಬಾರದು ಅಂತ ಅದು ಆಗಿಬಿಟ್ಟಿತು. ಇದು ನನಗೆ ಬಹಳ ನೋವು ಕೊಟ್ಟ ವಿಷಯ.

ಇಸ್ಲಾಮಿನಲ್ಲಿ ಹೆಂಗಸರು ಕಲಿಸಿದ ಚರಿತ್ರೆ ಸಣ್ಣದಲ್ಲ. ಪ್ರವಾದಿಯವರ ಪತ್ನಿ ಹಜರತ್ ಆಯಿಶಾರ ಹತ್ತಿರ ದೊಡ್ಡ ದೊಡ್ಡ ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಮಸಲಾ ಕೇಳಲು ಬರುತ್ತಿದ್ದರು. 11ನೇ ಶತಮಾನದಲ್ಲಿ ಮಕ್ಕಾದಲ್ಲಿ ಕರೀಮಾ ಅಲ್ ಮರ್ವಜಿಯ್ಯಾ ಅಂತ ಒಬ್ಬರಿದ್ದರು. ಸಹೀಹ್ ಬುಖಾರಿಯನ್ನು ಅವರ ಮುಂದೆ ಕೂತು ಓದಲು ದೂರದೂರದಿಂದ ವಿದ್ವಾಂಸರು ಬರುತ್ತಿದ್ದರು. ಬಾಗ್ದಾದಿನ ಹೆಸರಾಂತ ಇತಿಹಾಸಕಾರ ಅಲ್ ಖತೀಬ್ ಕೂಡ ಅವರಲ್ಲಿ ಒಬ್ಬರು. ಕರೀಮಾ ಅವರ ಬಗ್ಗೆ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. ಒಬ್ಬ ಶಿಷ್ಯ ಅವರ ಪ್ರತಿಯಿಂದ ಏಳು ಹಾಳೆ ನಕಲು ಮಾಡಿಕೊಂಡ. ಮೂಲದ ಜೊತೆ ತಾಳೆ ನೋಡುವುದನ್ನು ತಾನೊಬ್ಬನೇ ಮಾಡಿಕೊಳ್ಳುತ್ತೇನೆ ಅಂದ. ಕರೀಮಾ ಒಪ್ಪಲಿಲ್ಲ. ನನ್ನ ಜೊತೆ ಕೂತೇ ತಾಳೆ ನೋಡಬೇಕು ಅಂದರು, ಹಾಗೇ ಮಾಡಿಸಿದರು. ಸನದಿನ ಜೀವ ಇರುವುದು ಇಲ್ಲೇ. ಕಲಿತವನ ತಪ್ಪನ್ನು ಹಿಡಿಯಲು ಎದುರಿಗೆ ಒಬ್ಬರು ಕೂತಿದ್ದರಾ ಇಲ್ವಾ?

ಓದಿಸುವುದಕ್ಕೆ, ನಮಾಜ್ ಕಲಿಸುವುದಕ್ಕೆ ದೊಡ್ಡ ಪದವಿ ಬೇಕಿಲ್ಲ ಅಂತ ಹೇಳಲು ನನಗೆ ಹೆದರಿಕೆಯಿಲ್ಲ. ಬುಖಾರಿಯಲ್ಲಿ ಅಮ್ರ್ ಬಿನ್ ಸಲಮಾ ಅನ್ನುವ ಹುಡುಗನ ವಿಷಯ ಬರುತ್ತದೆ. ಅವರ ಜನ ಇದ್ದದ್ದು ದಾರಿಯ ಪಕ್ಕ, ನೀರಿದ್ದ ಜಾಗದಲ್ಲಿ. ಹೋಗಿಬರುವ ಪ್ರಯಾಣಿಕರ ಬಾಯಿಂದ ಕೇಳಿ ಕೇಳಿ ಹುಡುಗ ಕುರಾನಿನ ಭಾಗಗಳನ್ನು ಎದೆಗೆ ಹಾಕಿಕೊಂಡಿದ್ದ. ಮಕ್ಕಾ ವಿಜಯದ ನಂತರ ಅವರ ಕಡೆಯವರು ಇಸ್ಲಾಂ ಸ್ವೀಕರಿಸಿದರು. ಯಾರಿಗೆ ಕುರಾನ್ ಜಾಸ್ತಿ ಬರುತ್ತದೋ ಅವರು ನಮಾಜ್ ನಡೆಸಲಿ ಅಂತ ಪ್ರವಾದಿಯವರ ಅಪ್ಪಣೆ. ಹುಡುಕಿದರೆ ಎಲ್ಲರಿಗಿಂತ ಜಾಸ್ತಿ ಬರುತ್ತಿದ್ದುದು ಆರೇಳು ವರ್ಷದ ಈ ಹುಡುಗನಿಗೇ. ಅವನನ್ನೇ ಮುಂದೆ ನಿಲ್ಲಿಸಿದರು. ಅವನ ಮೈಮೇಲಿನ ಬಟ್ಟೆ ಗಿಡ್ಡ, ಸಜ್ದಾಕ್ಕೆ ಹೋದರೆ ಮೇಲೇರುತ್ತಿತ್ತು. ಒಬ್ಬ ಹೆಂಗಸು, ನಿಮ್ಮ ಇಮಾಮನ ಹಿಂಭಾಗ ಮೊದಲು ಮುಚ್ಚಿ ಅಂದಳು. ಜನ ಬಟ್ಟೆ ತಂದು ಅಂಗಿ ಹೊಲಿಸಿದರು. ಆ ಅಂಗಿಯಷ್ಟು ಖುಷಿ ತನಗೆ ಬೇರೆ ಯಾವುದೂ ಕೊಟ್ಟಿರಲಿಲ್ಲ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಇದನ್ನು ಓದಿದ ನನ್ನ ಅಕ್ಕನ ಮಗ, "ಹಾಗಾದ್ರೆ ನಮ್ಮನೇಲಿ ಚಿಕ್ಕವನೇ ಇಮಾಮ್ ಆಗಬಹುದಲ್ವಾ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮ ಭಾಗದಲ್ಲಿ ಹೆಚ್ಚಿನವರು ಹನಫಿ ಫಿಕ್ಹ್ ಪರಂಪರೆಯವರು. ಹನಫಿ ಫಿಕ್ಹ್‌ನಲ್ಲಿ ಪ್ರಾಯಕ್ಕೆ ಬಾರದ ಹುಡುಗ ದೊಡ್ಡವರ ಫರ್ಜ್ (ಕಡ್ಡಾಯ) ನಮಾಜಿಗೆ ಇಮಾಮ್ ಆಗುವಂತಿಲ್ಲ. ಇನ್ನೊಂದು ಪರಂಪರೆಯ ಶಾಫಿಗಳು ಒಪ್ಪುತ್ತಾರೆ. ಅದೇ ಹದೀಸು, ತೀರ್ಮಾನ ಎರಡು. ಯಾಕೆ ಅಂತ ತಿಳಿಯಬೇಕಾದರೆ ಬೇರೆ ಹದೀಸುಗಳನ್ನು ಇದರ ಜೊತೆ ಇಟ್ಟು ನೋಡಬೇಕು, ಯಾವುದು ಸಾಮಾನ್ಯ ನಿಯಮ, ಯಾವುದು ಆ ಸಂದರ್ಭದ್ದು ಅಂತ ತೂಗಬೇಕು. ಅನುವಾದ ಒಂದನ್ನೇ ಓದಿ ಇದು ಬರುವುದಿಲ್ಲ. ಎಂಟು ವರ್ಷ ಕೂತು ಕಲಿಯುವುದು ಇದನ್ನೇ. ಹುಡುಗರು "ಮೌಲಾನಾ ಯಾಕೆ" ಅಂತ ಕೇಳಿದಾಗ ನಾನು ಹೇಳುವುದು ಈ ಉದಾಹರಣೆ.

ಇನ್ನೊಂದು ಹದೀಸು ಅಬೂ ದಾವೂದ್‌ನಲ್ಲಿದೆ. ಒಂದು ಪ್ರಯಾಣದಲ್ಲಿ ಒಬ್ಬನ ತಲೆಗೆ ಕಲ್ಲು ತಗುಲಿ ಗಾಯವಾಯಿತು. ಆಮೇಲೆ ಅವನಿಗೆ ಸ್ನಾನ ಕಡ್ಡಾಯವಾಗುವ ಸ್ಥಿತಿ ಬಂತು. ನೀರಿನ ಬದಲು ಮಣ್ಣಿನಿಂದ ಶುದ್ಧಿಯಾಗುವ ತಯಮ್ಮುಮ್ ಮಾಡಬಹುದಾ ಅಂತ ಜೊತೆಯವರನ್ನು ಕೇಳಿದ. ನೀರು ಸಿಗುತ್ತಿರುವಾಗ ನಿನಗೆ ಆ ರಿಯಾಯಿತಿ ಇಲ್ಲ ಅಂದರು. ಅವನು ಸ್ನಾನ ಮಾಡಿದ, ಸತ್ತುಹೋದ. ವಿಷಯ ತಿಳಿದಾಗ ಪ್ರವಾದಿ ಮುಹಮ್ಮದ್(ಸ) ಅವರಿಗೆ ಬಂದಷ್ಟು ಸಿಟ್ಟು ಬೇರೆ ಕಡೆ ಅಪರೂಪ. ಅವರೇ ಅವನನ್ನು ಕೊಂದರು ಅಂದರು. ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ, ಅರಿಯದಿರುವುದಕ್ಕೆ ಮದ್ದು ಕೇಳುವುದೇ ಅಂದರು. ಆ ಜೊತೆಯವರು ಕೆಟ್ಟವರಲ್ಲ. ನಮಾಜಿಗಳು, ಸಹಾಬಿಗಳು, ಪ್ರವಾದಿಯವರನ್ನು ಕಣ್ಣಾರೆ ಕಂಡವರು. ಅಂಥವರ ಒಳ್ಳೆಯತನವೂ ಆ ಗಾಯಾಳುವನ್ನು ಉಳಿಸಲಿಲ್ಲ. ದೀನದಾರ ಮನುಷ್ಯ, ಒಳ್ಳೆಯವನು, ಐದು ಹೊತ್ತು ತಪ್ಪಿಸುವುದಿಲ್ಲ ಅನ್ನುವುದು ಮಸಲಾ ಹೇಳುವುದಕ್ಕೆ ಸಾಲುವ ಅರ್ಹತೆ ಅಲ್ಲ.

ನನ್ನ ತವರು ಸವಣೂರಿನ ಹತ್ತಿರದ ಒಂದು ಹಳ್ಳಿ. ನಾವು ನದಾಫರು, ಮನೆಮಾತು ಕನ್ನಡ. ನಮ್ಮ ಕಡೆ ಹಳ್ಳಿಗಳಲ್ಲಿ ದೀನಿನ ಕೆಲಸ ಮಾಡುತ್ತಾ ಬಂದಿದ್ದು ಮುಲ್ಲಾ ಮನೆತನ. ಮಗುವಿಗೆ ಹೆಸರಿಡುವಾಗ ಕಿವಿಯಲ್ಲಿ ಬಾಂಗು ಕೂಗುವುದು, ಕುರಿ ಹಲಾಲ್ ಮಾಡುವುದು, ಫಾತಿಹಾ, ಮಯ್ಯತ್ (ಸತ್ತವರ ಕಾರ್ಯ), ಮೊಹರಂನಲ್ಲಿ ಅಲಾಯಿ ದೇವರ ಹತ್ತಿರ ಓದುವುದು, ಎಲ್ಲಾ ಅವರದೇ. ಅಪ್ಪನಿಂದ ಮಗನಿಗೆ ಬಂದ ಕೆಲಸ. ಪಟ್ಟಣದಿಂದ ಬಂದ ಕೆಲವರು ಅವರನ್ನು ಹೀಗಳೆಯುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಮದರಸಾ ಅನ್ನುವುದು ಕಣ್ಣಿಗೂ ಬೀಳದ ಊರುಗಳಲ್ಲಿ ಕಲಿಮಾ ಉಳಿದದ್ದು ಅವರಿಂದ.

ಆದರೆ ಆ ಊರಲ್ಲೇ ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳು ತನ್ನ ಪಾಲು ಕೇಳಿದಳು. ಮುಲ್ಲಾ ಅವರನ್ನು ಕರೆಸಿದರು. "ಹೆಣ್ಣಮಗಳ ಪಾಲು ಮದುವಿ ಖರ್ಚಿನಾಗ ಮುಗೀತವ್ವಾ" ಅಂದರು ಅವರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ಅಪ್ಪನೂ ಹಾಗೇ ಹೇಳುತ್ತಿದ್ದರು, ಊರ ಎಲ್ಲಾ ಜಾತಿಯವರೂ ಹಾಗೇ ಮಾಡುತ್ತಿದ್ದರು. ಕುರಾನಿನ ಸೂರಾ ನಿಸಾದಲ್ಲಿ ಈ ಲೆಕ್ಕ ಬಿಡಿಸಿ ಹೇಳಿದೆ. ಸಾಲ, ವಸೀಯತ್ (ಉಯಿಲು) ತೀರಿದ ಮೇಲೆ ಉಳಿದದ್ದನ್ನು 40 ಪಾಲು ಮಾಡಿದರೆ ಹೆಂಡತಿಗೆ ಎಂಟನೇ ಒಂದು ಭಾಗ, ಅಂದರೆ 5. ಒಬ್ಬೊಬ್ಬ ಮಗನಿಗೆ 14. ಮಗಳಿಗೆ 7. ಮದುವೆ ಖರ್ಚಿನ ಮಾತು ಅಲ್ಲಿ ಎಲ್ಲೂ ಇಲ್ಲ. ಆ ಮಗಳಿಗೆ ಈ ಲೆಕ್ಕ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಪಕ್ಕದ ಊರಿಗೆ ಬಯಾನ್ (ಪ್ರವಚನ) ಮಾಡಲು ಬಂದಿದ್ದ ಒಬ್ಬ ಆಲಿಮ್. ಕಾಗದದ ಮೇಲೆ ಬರೆದು ಕೊಟ್ಟರು. ಅಣ್ಣತಮ್ಮಂದಿರು ಆ ಕಾಗದದ ಮುಂದೆ ಏನೂ ಮಾತಾಡಲಿಲ್ಲ. ಮನೆ, ಬಂಗಾರ, ರೊಕ್ಕದ ಮಟ್ಟಿಗೆ ವಿಷಯ ಬಗೆಹರಿಯಿತು.

ಹೊಲದ ವಿಷಯ ಬಗೆಹರಿಯಲಿಲ್ಲ. 1937ರ ಷರಿಯತ್ ಕಾಯ್ದೆಯಲ್ಲಿ ಕೃಷಿ ಭೂಮಿಯ ಪ್ರಶ್ನೆಗಳನ್ನು ಹೊರಗಿಟ್ಟಿದ್ದಾರೆ. ಹೊಲಕ್ಕೆ ಯಾವ ಕಾನೂನು ಹೇಗೆ ಅನ್ವಯಿಸುತ್ತದೆ ಅನ್ನುವುದನ್ನು ವಕೀಲರೇ ಹೇಳಬೇಕು. ಆ ಆಲಿಮ್ ಸಾಬರು ಇದನ್ನು ತಾವೇ ಹೇಳಿದರು. "ಅಲ್ಲಾಹನ ಹುಕುಂ ಇದು. ಆದರೆ ಉತಾರದ ವಿಷಯಕ್ಕೆ ಹಾವೇರಿಗೆ ಹೋಗಿ ವಕೀಲರನ್ನು ಕೇಳಿ" ಅಂದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು 40 ಪಾಲಿನ ಲೆಕ್ಕಕ್ಕಿಂತ ಈ ಮಾತಿಗೆ. ತಲಾಕ್ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಒಂದೇ ಉಸಿರಿನಲ್ಲಿ ಮೂರು ಸಲ ಹೇಳುವ ತಲಾಕನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿದೆ, 2019ರ ಕಾಯ್ದೆ ಅದನ್ನು ಅಪರಾಧ ಮಾಡಿದೆ. ಇದು ಗೊತ್ತಿಲ್ಲದೆ ಒಬ್ಬ ಹೆಂಗಸಿಗೆ "ನಿನ್ನ ಸಂಸಾರ ಮುಗೀತು" ಅಂತ ಹೇಳುವವರ ಕೈಯಲ್ಲಿ ಯಾವ ಸನದಿದ್ದರೂ ನನಗೆ ಭಯವೇ.

ಈ ಎಚ್ಚರ ಹಿಂದಿನ ದೊಡ್ಡ ಇಮಾಮರಿಗೂ ಇತ್ತು. ಅಬೂ ಹನೀಫಾ ಇರಾಕಿನ ಕೂಫಾದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರಿ. ಗುರು ಹಮ್ಮಾದರ ಹತ್ತಿರ 18 ವರ್ಷ ಕಲಿತವರು. ನಡುವೆ ಒಮ್ಮೆ ತಮ್ಮದೇ ಪಾಠ ಶುರು ಮಾಡಬೇಕು ಅನ್ನಿಸಿತಂತೆ. ಅಷ್ಟರಲ್ಲಿ ಗುರು ಊರಿಗೆ ಹೋಗಬೇಕಾಗಿ ಬಂದು ಇವರನ್ನೇ ಕೂರಿಸಿ ಹೋದರು. ಹೊಸದಾಗಿ ಬಂದ 60 ಪ್ರಶ್ನೆಗಳಿಗೆ ಇವರು ಉತ್ತರ ಕೊಟ್ಟು ಬರೆದಿಟ್ಟುಕೊಂಡರು. ಗುರು ತಿರುಗಿ ಬಂದು ನೋಡಿ 40ಕ್ಕೆ ಒಪ್ಪಿದರು, 20ಕ್ಕೆ ಒಪ್ಪಲಿಲ್ಲ. ಹಮ್ಮಾದರು ಇರುವ ತನಕ ಅವರನ್ನು ಬಿಟ್ಟು ಹೋಗುವುದಿಲ್ಲ ಅಂತ ಅಬೂ ಹನೀಫಾ ಅಂದೇ ನಿಶ್ಚಯ ಮಾಡಿದರು. ನಾವು ಯಾರ ಮಜ್‌ಹಬ್ (ಫಿಕ್ಹ್ ಪರಂಪರೆ) ಅನುಸರಿಸುತ್ತೇವೋ ಆ ಇಮಾಮರೇ ಇವರು. ಮದೀನಾದ ಇಮಾಮ್ ಮಾಲಿಕ್‌ರನ್ನು ಒಮ್ಮೆ 48 ಪ್ರಶ್ನೆ ಕೇಳಿದಾಗ 32ಕ್ಕೆ ಗೊತ್ತಿಲ್ಲ ಅಂದರು ಅಂತ ಅವರ ಶಿಷ್ಯಪರಂಪರೆ ಹೇಳುತ್ತದೆ.

ಈಗ ಯೂಟ್ಯೂಬ್ ತೆಗೆದರೆ ಯಾವ ಪ್ರಶ್ನೆಗೂ ಗೊತ್ತಿಲ್ಲ ಅನ್ನುವವರೇ ಸಿಗುವುದಿಲ್ಲ. ಅದರಲ್ಲಿ ಒಳ್ಳೆಯ ವಿದ್ವಾಂಸರೂ ಇದ್ದಾರೆ. ಆದರೆ ಅವರ 60ರಲ್ಲಿ 20 ತಪ್ಪು ಅಂತ ಹೇಳುವವರು ಯಾರು ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ.

ನಮ್ಮ ಕಡೆ ಈ ಚರ್ಚೆ ಬಂದಾಗಲೆಲ್ಲಾ ಯಾರಾದರೂ ಶಿಶುನಾಳ ಷರೀಫರ ಹೆಸರು ತೆಗೆಯುತ್ತಾರೆ. ಅವರಿಗೆ ಯಾವ ಸನದಿತ್ತು ಅಂತ ಕೇಳುತ್ತಾರೆ. ಷರೀಫರು ನಮ್ಮ ಹಾವೇರಿ ಜಿಲ್ಲೆಯ ಹೆಮ್ಮೆ. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರು, ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಹಿಡಿದವರು. ಅವರ ಪದಗಳನ್ನು ಕೇಳುತ್ತಲೇ ನಾನು ಬೆಳೆದಿದ್ದೇನೆ. ಆದರೆ ಅವರನ್ನು ಈ ವಾದಕ್ಕೆ ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ. ಅವರು ಯಾರ ಆಸ್ತಿ ಪಾಲೂ ಮಾಡಲಿಲ್ಲ, ಯಾರ ನಿಕಾಹ್ ಉಳಿಯಿತು ಮುರಿಯಿತು ಅಂತ ಹೇಳಲು ಕೂರಲಿಲ್ಲ. ಅವರು ಕೊಟ್ಟದ್ದು ಬೇರೆ.

ಇನ್ನೊಂದು ಅರ್ಹತೆಯ ಬಗ್ಗೆ ನಾವು ಮಾತೇ ಆಡುವುದಿಲ್ಲ. ಭಾಷೆ. ಬಿಹಾರದಿಂದಲೋ ಉತ್ತರ ಪ್ರದೇಶದಿಂದಲೋ ಬಂದ ಎಳೆಯ ಮೌಲಾನಾ ಒಬ್ಬರು ನಮ್ಮ ಹಳ್ಳಿಯ ಮಸೀದಿಯಲ್ಲಿ ಶುದ್ಧ ಉರ್ದುವಿನಲ್ಲಿ ಬಯಾನ್ ಮಾಡುತ್ತಾರೆ. ಅವರ ಓದಿನ ಬಗ್ಗೆ ಎರಡು ಮಾತಿಲ್ಲ. ಎದುರಿಗೆ ಕೂತವರು ಕನ್ನಡ ಶಾಲೆಯಲ್ಲಿ ಓದಿದ ನದಾಫರ ಹುಡುಗರು. "ಅಲ್ಲಾಹ್" ಬಂದ ಕಡೆ, "ಜನ್ನತ್" ಬಂದ ಕಡೆ ತಲೆ ಆಡಿಸುತ್ತಾರೆ. ಮಂಗಳೂರಿನ ಶಾಂತಿ ಪ್ರಕಾಶನದವರು ಕುರಾನಿನ ಕನ್ನಡ ಅನುವಾದ ಕೊಟ್ಟಿದ್ದಾರೆ, ಕನ್ನಡದಲ್ಲಿ ಪುಸ್ತಕಗಳಿವೆ. ಆದರೆ ಪುಸ್ತಕವನ್ನು ಎದುರು ಕೂತು ಬಿಡಿಸಿ ಹೇಳುವವರು ಬೇಕಲ್ಲ. ನನ್ನ ಪ್ರಕಾರ ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ದೀನ್ ಕಲಿಸುವವರಿಗೆ ಕನ್ನಡ ಬರುವುದು ಕಡ್ಡಾಯ ಆಗಬೇಕು. ಬಾರದಿದ್ದರೆ ಜಮಾತೇ ಕಲಿಸಬೇಕು. ಆ ಹುಡುಗರು ಬುದ್ಧಿವಂತರು. ಅರಬಿ ಕಲಿತವರಿಗೆ ಕನ್ನಡ ಒಂದು ವರ್ಷದ ಮಾತು.

ಆದರೆ ಅವರು ಒಂದು ವರ್ಷ ನಿಲ್ಲಬೇಕಲ್ಲ. 2025ರ ರಾಜ್ಯ ಬಜೆಟ್‌ನಲ್ಲಿ ಪೇಶ್ ಇಮಾಮರ ಗೌರವಧನ ತಿಂಗಳಿಗೆ 6,000 ರೂಪಾಯಿ, ಬಾಂಗು ಕೂಗುವ ಮೌಜನ್‌ಗಳದ್ದು 5,000 ರೂಪಾಯಿ ಅಂತ ಏರಿಸಿದರು. ಜಮಾತು ತನ್ನ ಕೈಯಿಂದ ಕೊಡುವುದು ಒಂದೊಂದು ಕಡೆ ಒಂದೊಂದು ಥರ, ಹೆಚ್ಚಿನ ಕಡೆ ಕಡಿಮೆಯೇ. ಎಂಟು ವರ್ಷ ಓದಿದವರು ಬೇಕು, ಖಿರತ್ (ಕುರಾನ್ ಓದುವ ಕ್ರಮ) ಚೆನ್ನಾಗಿರಬೇಕು, ಬಯಾನ್ ಜೋರಿರಬೇಕು, ಮಕ್ಕಳಿಗೂ ಕಲಿಸಬೇಕು ಅಂತ ಕೇಳುತ್ತೇವೆ. ಸಂಬಳದ ಮಾತು ಬಂದಾಗ ಬರ್ಕತ್ತಿನ ಮಾತಾಡುತ್ತೇವೆ. ಹೆಂಡತಿ ಮಕ್ಕಳನ್ನು ಸಾವಿರ ಮೈಲಿ ದೂರದಲ್ಲಿ ಬಿಟ್ಟು, ಮಸೀದಿಯ ಪಕ್ಕದ ಒಂದು ಖೋಲಿಯಲ್ಲಿ ಇರುವ ಆ ಹುಡುಗನ ಸನದಿಗೆ ನಾವು ಕೊಡುವ ಬೆಲೆ ಅಷ್ಟೇನಾ? ನನಗೆ ಇದು ನಾಚಿಕೆಯ ವಿಷಯ ಅನ್ನಿಸುತ್ತದೆ.

ಆಪಾ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಗೆ ಸೊಸೆಯಾಗಿ ಬಂದ ಒಬ್ಬ ಹುಡುಗಿ ಹೆಣ್ಣುಮಕ್ಕಳ ಮದರಸಾದಲ್ಲಿ ಆಲಿಮಾ ಓದು ಮುಗಿಸಿದ್ದಾಳೆ. ಹುಡುಗಿಯರ ಪಾಠ ನಿಂತ ವಿಷಯ ಕೇಳಿ ಅವಳೇ ಆಪಾ ಮನೆಗೆ ಹೋದಳು. ವಯಸ್ಸಿನಲ್ಲಿ ತಾಯಿಯಷ್ಟು ದೊಡ್ಡವರನ್ನು ಪರೀಕ್ಷೆ ಮಾಡುವ ಹಾಗೆ ಮಾತಾಡಲಿಲ್ಲ. "ನಾನು ಓದ್ತೀನಿ, ನೀವು ಕೇಳ್ರಿ. ಆಮ್ಯಾಲೆ ನೀವು ಓದ್ರಿ, ನಾನು ಕೇಳ್ತೀನಿ" ಅಂದಳು. ಹಾಗೆ ಅವರಿಬ್ಬರೂ ಒಂದು ಪಾರಾ ಪೂರ್ತಿ ಓದಿದರು. ನಾನು ಅಲ್ಲೇ ಕೂತಿದ್ದೆ. ಆಪಾ ಓದುವಾಗ ಆಲಿಮಾ ಒಂದೆರಡು ಕಡೆ ಮಾತ್ರ ನಿಲ್ಲಿಸಿದಳು. ದ್ವಾದ್ ಅಕ್ಷರ ನಾಲಿಗೆಯ ಬದಿಯಿಂದ ಬರಬೇಕು, ಆಪಾ ಅದನ್ನು ತುದಿಯಿಂದ ತರುತ್ತಿದ್ದರು. ಆಪಾ ತಿದ್ದಿಕೊಂಡರು, ಮತ್ತೆ ಅಂದು ತೋರಿಸಿದರು. ಮರುದಿನದಿಂದ ಇಬ್ಬರೂ ಬೆಳಗಿನ ಕೆಲಸ ಮುಗಿಸಿ ಅರ್ಧ ತಾಸು ಕೂತು ಓದುತ್ತಿದ್ದಾರೆ.

ಅವರನ್ನು ನೋಡಿದ ಮೇಲೆ ಓಣಿಯ ತಾಯಂದಿರು ಸೇರಿ ಜಮಾತಿಗೆ ಒಂದು ಅರ್ಜಿ ಬರೆದೆವು. ಕನ್ನಡದಲ್ಲೇ ಬರೆದಿದ್ದೇವೆ. ಅಕ್ಷರ, ಓದು, ನಮಾಜ್, ದುವಾಗಳನ್ನು ಕಲಿಸುವವರ ಖಿರತ್ತನ್ನು ಒಬ್ಬ ಖಾರಿ ಅಥವಾ ಆಲಿಮಾ ಕೂತು ಕೇಳಲಿ, ಸರಿ ಇದ್ದರೆ ಒಪ್ಪಿಗೆ ಕೊಡಲಿ, ವರ್ಷಕ್ಕೊಮ್ಮೆ ಮತ್ತೆ ಕೇಳಲಿ ಅಂತ ಕೇಳಿದ್ದೇವೆ. ನಿಕಾಹ್, ತಲಾಕ್, ಪಾಲು, ಬಡ್ಡಿ ವ್ಯವಹಾರದ ಪ್ರಶ್ನೆಗಳಿಗೆ ಓಣಿಯಲ್ಲಿ ಯಾರೂ ಬಾಯಿಮಾತಿನಲ್ಲಿ ಉತ್ತರ ಕೊಡಬಾರದು, ಅವು ಬರಹದಲ್ಲಿ ಮುಫ್ತಿಗಳ ಹತ್ತಿರ ಹೋಗಿ ಕನ್ನಡದಲ್ಲಿ ಉತ್ತರ ಬರಬೇಕು ಅಂತಲೂ ಬರೆದಿದ್ದೇವೆ. ಹುಡುಗಿಯರ ಪಾಠ ಅಸರ್ ಆದ ಮೇಲೆ ಮೊದಲಿನ ಹಾಗೆ ಪಡಸಾಲೆಯಲ್ಲೇ ನಡೆಯಲಿ ಅಂತ ಕೊನೆಗೆ ಸೇರಿಸಿದ್ದೇವೆ.

ಮಸೀದಿಯ ಆಡಳಿತ ನೋಡುವ ಮುತವಲ್ಲಿಗಳು ಅರ್ಜಿ ತೆಗೆದುಕೊಂಡಿದ್ದಾರೆ. ರಂಜಾನಿಗೆ ಮೊದಲು ಸಭೆ ಇದೆ. ಸಭೆಯಲ್ಲಿ ಹೆಂಗಸರು ಕೂರುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಅರ್ಜಿಯನ್ನು ನಮ್ಮ ಪರವಾಗಿ ಯಾರು ಓದಿ ಹೇಳಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಪರದೆಯ ಆ ಕಡೆ ಕೂತು ಆಲಿಮಾಳೇ ಓದಲಿ ಅಂತ ನಾನು ಹೇಳಿದ್ದೇನೆ. ಅವಳು ಒಪ್ಪಿದ್ದಾಳೆ.